ರಿಜಿಸ್ಟ್ರಿ ಗುಡಿಸುವ ಪೊರಕೆ ನಮ್ಮ ಶಾಲೆಗೆ ಬೇಡ

"ಸಾರ್, ನಿಮ್ಮ ಸಿಸ್ಟಂನಲ್ಲಿ 1,147 ಎರರ್ ಇತ್ತು ಸಾರ್. ಎಲ್ಲಾ ಕ್ಲೀನ್ ಮಾಡ್ಬಿಟ್ಟಿದೀನಿ. ಈಗ ನೋಡಿ, ಹಾರುತ್ತೆ!"

ಹೊಸೂರಿನಿಂದ ನಮ್ಮ ಅಂಚೆಟ್ಟಿಯವರೆಗೆ ಬಸ್ಸಿನಲ್ಲಿ ಬಂದು, ಶಾಲೆಯ ಕಂಪ್ಯೂಟರನ್ನು ರಿಪೇರಿ ಮಾಡಿಕೊಟ್ಟ ಅಂಗಡಿ ಹುಡುಗ ಹೇಳಿದ ಮಾತು ಇದು. ಕೆಲವು ವರ್ಷಗಳ ಹಿಂದಿನ ಕಥೆ. ಅರ್ಧವಾರ್ಷಿಕ ಪರೀಕ್ಷೆಗೆ ಇನ್ನು ಹತ್ತು ದಿನ ಇತ್ತು. 1,147 ಎರರ್ ಇಟ್ಟುಕೊಂಡು ಈ ಯಂತ್ರ ಇಷ್ಟು ದಿನ ಹೇಗೆ ನಡೆಯಿತಪ್ಪಾ ಎಂದು ನನಗೇ ಆಶ್ಚರ್ಯವಾಯಿತು. ಕಾಫಿ ಕೊಟ್ಟು, ದುಡ್ಡು ಕೊಟ್ಟು, ಕೊನೇ ಬಸ್ಸಿಗೆ ಹತ್ತಿಸಿ ಕಳಿಸಿದೆ.

ಮರುದಿನ ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಫೈಲ್ ತೆರೆದರೆ ಕನ್ನಡವೇ ಇಲ್ಲ! ನಮ್ಮ ಫೈಲುಗಳೆಲ್ಲ ಹಳೆಯ 'ನುಡಿ'ಯಲ್ಲಿ ಟೈಪ್ ಮಾಡಿದವು. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀರು ಹಾಕಿದ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಗೀರು ಹಾಕಿದ ಎ... ಯಾವುದೋ ದೇಶದ ಶಾಪದ ಹಾಗೆ ಕಾಣುತ್ತಿತ್ತು. ಹತ್ತು ಫೈಲ್ ತೆರೆದೆ, ಹತ್ತೂ ಹಾಗೆಯೇ. ವೈರಸ್ ಹೊಡೆದಿದೆ, ಎಲ್ಲ ಹಾಳಾಗಿದೆ, ಉಳಿದದ್ದಕ್ಕೂ ಹಬ್ಬುವ ಮೊದಲು ತೆಗೆದುಬಿಡೋಣ ಎಂದುಕೊಂಡೆ. ಇಡೀ ಫೋಲ್ಡರನ್ನು ಶಿಫ್ಟ್ ಒತ್ತಿ ಡಿಲೀಟ್ ಮಾಡಿದೆ. ಹೌದು, ಅಂಗಡಿ ಹುಡುಗ ಅಲ್ಲ, ನಾನೇ ಮಾಡಿದೆ. ಅಳಿಸಿದ ಜಾಗದ ಮೇಲೆ ಎರಡು ದಿನ ಕೂತು ಪ್ರಶ್ನೆಪತ್ರಿಕೆಗಳನ್ನು ಮತ್ತೆ ಟೈಪ್ ಮಾಡಿದೆ.

ಫೈಲುಗಳಿಗೆ ಏನೂ ಆಗಿರಲಿಲ್ಲ ಎಂದು ಗೊತ್ತಾದದ್ದು ಮೂರನೇ ದಿನ. ಒಂದಕ್ಷರವೂ ಹಾಳಾಗಿರಲಿಲ್ಲ. ಅದನ್ನು ಕನ್ನಡವಾಗಿ ತೋರಿಸುವ ಫಾಂಟ್ ಮಾತ್ರ ವಿಂಡೋಸ್‌ಗೆ ಮರೆತುಹೋಗಿತ್ತು. ಆ ಫೋಲ್ಡರಿನಲ್ಲಿ ಐದು ವರ್ಷದ ಪ್ರಶ್ನೆಪತ್ರಿಕೆಗಳಿದ್ದವು. ಅವು ಹೋದರೆ ಹೋಗಲಿ. ನಮ್ಮ ಮಕ್ಕಳು ಸುತ್ತಲಿನ ದೊಡ್ಡಿಗಳಿಂದ, ತಮ್ಮ ಅಜ್ಜಿಯರ ಬಾಯಿಂದ ಕೇಳಿ ಬರೆದು ತಂದ ಕಥೆ, ಒಗಟು, ರಾಗಿ ಬೀಸುವಾಗಿನ ಪದಗಳೂ ಅಲ್ಲೇ ಇದ್ದವು. ಗೋಡೆ ಪತ್ರಿಕೆಗೆಂದು ಟೈಪ್ ಮಾಡಿ ಇಟ್ಟಿದ್ದೆ. ಹೇಳಿದ ಅಜ್ಜಿಯರಲ್ಲಿ ಕೆಲವರು ಈಗ ಇಲ್ಲ. ಬರೆದುಕೊಂಡು ಬಂದ ಕಾಗದಗಳನ್ನು ಮಕ್ಕಳು ಯಾವಾಗಲೋ ಕಳೆದಿದ್ದರು.

ಆದ್ದರಿಂದ ಸ್ವಾಮಿ, ರಿಜಿಸ್ಟ್ರಿ ಕ್ಲೀನರ್ ಎಂಬ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಮೇಷ್ಟ್ರುಗಳ ಮಧ್ಯೆ ಈಗಲೂ ಯಾರಾದರೂ "ಒಂದು ಒಳ್ಳೆ ಕ್ಲೀನರ್ ಇದ್ರೆ ಪೆನ್‌ಡ್ರೈವಿಗೆ ಹಾಕ್ಕೊಡಿ" ಎಂದು ಕೇಳುವುದುಂಟು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ವಾದ ಸರಳ. ರಿಜಿಸ್ಟ್ರಿ ಕ್ಲೀನರ್ ಬಳಸುವ ಅತ್ಯಂತ ಸುರಕ್ಷಿತ ವಿಧಾನ ಅದನ್ನು ಬಳಸದೇ ಇರುವುದು!

ಏನಿದು ರಿಜಿಸ್ಟ್ರಿ?

ಮೇಷ್ಟ್ರುಗಳಿಗೆ ಇದನ್ನು ವಿವರಿಸುವುದು ಬಹಳ ಸುಲಭ. ಶಾಲೆಯಲ್ಲಿ ದಾಖಲಾತಿ ಪುಸ್ತಕ ಇರುತ್ತದಲ್ಲ, ಅದೇ. ಯಾರು ಸೇರಿದರು, ಯಾವ ತರಗತಿ, ಅಪ್ಪನ ಹೆಸರೇನು, ಮನೆ ಎಲ್ಲಿ ಎಲ್ಲವೂ ಅದರಲ್ಲಿ. ವಿಂಡೋಸ್ ಕೂಡ ತನ್ನಲ್ಲಿ ಸೇರಿಕೊಂಡ ಪ್ರತಿಯೊಂದು ತಂತ್ರಾಂಶ, ಫಾಂಟ್, ಪ್ರಿಂಟರ್, ಕೀಲಿಮಣೆಯ ವಿವರವನ್ನು ಇಂಥದೇ ಪುಸ್ತಕದಲ್ಲಿ ಬರೆದಿಡುತ್ತದೆ. 1992ರ ವಿಂಡೋಸ್ 3.1ರಲ್ಲಿ ಅದು ಚಿಕ್ಕ ನೋಟ್‌ಬುಕ್ಕಿನಷ್ಟಿತ್ತು. ಉಳಿದ ವಿವರ ಎಲ್ಲ ಬಿಡಿ ಬಿಡಿ ಐಎನ್‌ಐ ಫೈಲುಗಳಲ್ಲಿ ಚೆಲ್ಲಾಡಿತ್ತು. 1995ರಲ್ಲಿ ವಿಂಡೋಸ್ 95 ಬಂದಾಗ ಆ ಚಿಲ್ಲರೆ ಚೀಟಿಗಳನ್ನೆಲ್ಲ ಸೇರಿಸಿ ಒಂದೇ ದೊಡ್ಡ ಪುಸ್ತಕ ಮಾಡಿದರು.

ಈ ಪುಸ್ತಕದಲ್ಲಿ ನಮ್ಮ ಕನ್ನಡವೂ ಇದೆ. ಯಾವ ಫಾಂಟ್ ಯಾವ ಫೈಲಿನಲ್ಲಿದೆ ಎಂಬ ಪಟ್ಟಿ ಇದೆ. ಕೀಲಿಮಣೆ ವಿನ್ಯಾಸಗಳ ಪಟ್ಟಿ ಇದೆ. ವಿಂಡೋಸ್ ಭಾಷೆಗಳಿಗೆ ಕೊಟ್ಟಿರುವ ನಂಬರುಗಳಲ್ಲಿ ತಮಿಳಿನದು 1097, ತೆಲುಗಿನದು 1098, ಕನ್ನಡದ್ದು 1099. ನಮ್ಮ ಹೊಸೂರು ಸೀಮೆಯ ಹಾಗೆಯೇ ಮೂವರೂ ಅಕ್ಕಪಕ್ಕದ ಮನೆಯವರು, ನೋಡಿ!

ಈಗ ನಮ್ಮ ಶಾಲೆಯಲ್ಲಿ ಆದದ್ದೇನು? ಆ ಕಂಪ್ಯೂಟರಿನ ಡಿಸ್ಕಿನಲ್ಲಿ ಜಾಗ ಇಲ್ಲವೆಂದು, ಹಿಂದೆ ಇದ್ದ ಯಾರೋ ಮಹಾನುಭಾವರು ಕನ್ನಡ ಫಾಂಟುಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ಅಲ್ಲಿಂದಲೇ ಶಾರ್ಟ್‌ಕಟ್ ಆಗಿ ಜೋಡಿಸಿದ್ದರು. ವಿಂಡೋಸ್ ಅದಕ್ಕೆ ಅವಕಾಶ ಕೊಡುತ್ತದೆ. ರಿಪೇರಿ ದಿನ ಆ ಡಿಸ್ಕ್ ಬೀರುವಿನಲ್ಲಿ ಭದ್ರವಾಗಿತ್ತು. ಕ್ಲೀನರ್ ಬಂದು ರಿಜಿಸ್ಟ್ರಿ ಓದಿತು. 'ಈ ಫಾಂಟ್ ಇಂಥ ಡ್ರೈವಿನಲ್ಲಿದೆ ಎಂದು ಬರೆದಿದೆ, ಆದರೆ ಅಂಥ ಡ್ರೈವೇ ಇಲ್ಲ. ಹಾಗಾದರೆ ಇದು ಕಸ' ಎಂದು ತೀರ್ಮಾನಿಸಿ ಹೊಡೆದುಹಾಕಿತು.

ಇದನ್ನು ನಮ್ಮ ತರಗತಿಗೆ ಹಾಕಿ ನೋಡಿ. ಹಾಜರಿ ಕರೆಯುವಾಗ ಒಬ್ಬ ಹುಡುಗ ಇಲ್ಲ. ದಾರಿಯಲ್ಲಿ ಆನೆ ನಿಂತಿದೆ ಎಂದು ಮನೆಯಲ್ಲೇ ಉಳಿದಿರಬಹುದು, ರಾಗಿ ಕೊಯ್ಲಿಗೆ ಹೋಗಿರಬಹುದು, ಜ್ವರ ಇರಬಹುದು. 'ಇವತ್ತು ಬಂದಿಲ್ಲ' ಎಂದು ಬರೆದುಕೊಳ್ಳುವವನು ಮೇಷ್ಟ್ರು. 'ಇವನು ಇಲ್ಲವೇ ಇಲ್ಲ' ಎಂದು ದಾಖಲಾತಿ ಪುಸ್ತಕದಲ್ಲೇ ಕೆಂಪು ಗೆರೆ ಎಳೆಯುವವನು ರಿಜಿಸ್ಟ್ರಿ ಕ್ಲೀನರ್. ಗೈರುಹಾಜರಿಗೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ. ಗಡಿಯಾಚೆಯ ಕನ್ನಡ ಶಾಲೆಗಳವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದಲ್ಲಿ ಒಂದು ಹೆಸರು ಹೋದರೆ ಏನೇನು ಹೋಗುತ್ತದೆ ಎಂದು ನಮಗಿಂತ ಚೆನ್ನಾಗಿ ಬಲ್ಲವರಾರು?

ಮೊದಲ ಸುಳ್ಳು: ಎರರ್ ಲೆಕ್ಕ

1,147 ಎರರ್ ಅಂದರಲ್ಲ, ಅದರಲ್ಲಿ ಒಂದೂ ಎರರ್ ಅಲ್ಲ. ಯಾವಾಗಲೋ ತೆಗೆದುಹಾಕಿದ ತಂತ್ರಾಂಶದ ಹೆಸರು, ಈಗ ಇಲ್ಲದ ಫೈಲಿನ ವಿಳಾಸ, ಯಾವ ತಂತ್ರಾಂಶವೂ ತೆರೆಯದ ಫೈಲ್ ಬಗೆ... ಇಂಥವು. ಅವು ಇದ್ದಲ್ಲಿ ಸುಮ್ಮನೆ ಇರುತ್ತವೆ. ಯಾರೂ ಅವನ್ನು ಕೇಳುವುದಿಲ್ಲ, ಅವೂ ಯಾರನ್ನೂ ಕಾಡುವುದಿಲ್ಲ. ಶಾಲೆ ಬಿಟ್ಟು ಹೋದವರ ಹೆಸರು ಹಳೇ ಪುಸ್ತಕದಲ್ಲಿ ಇದ್ದರೆ ಇವತ್ತಿನ ಪಾಠಕ್ಕೆ ಏನು ತೊಂದರೆ?

ಅನುಮಾನವಿದ್ದರೆ ಒಂದು ಪ್ರಯೋಗ ಮಾಡಿ. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ಇಂಥ ತಂತ್ರಾಂಶದಿಂದ ಸ್ಕ್ಯಾನ್ ಮಾತ್ರ ಮಾಡಿಸಿ, ರಿಪೇರಿ ಗುಂಡಿ ಒತ್ತಬೇಡಿ. ಅಲ್ಲೂ 'ದೋಷ' ತೋರಿಸುತ್ತದೆ! ಹುಟ್ಟಿದ ಮಗುವಿಗೇ ನೂರು ರೋಗ ಹೇಳುವ ವೈದ್ಯನ ಹತ್ತಿರ ನೀವು ಹೋಗುತ್ತೀರಾ?

ಎರಡನೇ ಸುಳ್ಳು: ವೇಗ

"ರಿಜಿಸ್ಟ್ರಿ ತುಂಬಿಹೋಗಿದೆ, ಅದಕ್ಕೇ ಸ್ಲೋ" ಎನ್ನುತ್ತಾರೆ. ಲೆಕ್ಕ ಹಾಕೋಣ ಬನ್ನಿ. ಒಂದು ದಾಖಲೆಗೆ ಧಾರಾಳವಾಗಿ 500 ಬೈಟ್ ಎಂದೇ ಹಿಡಿಯಿರಿ. 1,147 ದಾಖಲೆಗೆ ಸುಮಾರು 5,73,500 ಬೈಟ್. ಅಂದರೆ ಅರ್ಧ ಎಂಬಿಗಿಂತ ಚೂರು ಹೆಚ್ಚು. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಒಂದು ಫೋಟೋದ ಐದನೇ ಒಂದು ಭಾಗವನ್ನು ಗುಡಿಸಿದರೆ ಕಂಪ್ಯೂಟರ್ ಹಾರುತ್ತದೆಯೇ? ಅದೂ ಅಲ್ಲದೆ, ದಾಖಲೆ ಅಳಿಸಿದ ತಕ್ಷಣ ರಿಜಿಸ್ಟ್ರಿ ಫೈಲ್ ಚಿಕ್ಕದೂ ಆಗುವುದಿಲ್ಲ. ಒಳಗೆ ಜಾಗ ಖಾಲಿ ಬಿದ್ದಿರುತ್ತದೆ, ಅಷ್ಟೇ.

ವಿಂಡೋಸ್ ತನಗೆ ಬೇಕಾದ ವಿವರವನ್ನು ಹುಡುಕಲು ಇಡೀ ಪುಸ್ತಕವನ್ನು ಮೊದಲ ಪುಟದಿಂದ ಓದುವುದಿಲ್ಲ. ನಿಘಂಟಿನಲ್ಲಿ ನಾವು ಪದ ಹುಡುಕುವ ಹಾಗೆ ನೇರ ಆ ಕೊಂಬೆಗೆ ಹೋಗುತ್ತದೆ. ನಿಘಂಟಿನಲ್ಲಿ 'ಳ'ಕಾರದ ಪುಟ ಹರಿದುಹಾಕಿದರೆ 'ಅ'ಕಾರದ ಪದ ಬೇಗ ಸಿಗುತ್ತದೆಯೇ?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಹಿಂದೆ ಒಂದು ಕಾಲದಲ್ಲಿ ಇದಕ್ಕೆ ಅರ್ಥ ಇತ್ತು. ಹಳೆಯ ವಿಂಡೋಸ್‌ಗಳಲ್ಲಿ ರಿಜಿಸ್ಟ್ರಿಗೆ ಗಾತ್ರದ ಮಿತಿ ಇತ್ತು, ಮೆಮೊರಿಯೂ ಕಡಿಮೆ. ಮೈಕ್ರೋಸಾಫ್ಟ್ ತಾನೇ ರೆಗ್‌ಕ್ಲೀನ್ ಎಂಬ ಸಾಧನ ಕೊಟ್ಟಿತ್ತು, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. 2001ರ ಎಕ್ಸ್‌ಪಿಯಲ್ಲಿ ಆ ಮಿತಿಯನ್ನೂ ತೆಗೆದರು, ರಿಜಿಸ್ಟ್ರಿಯನ್ನು ಮೆಮೊರಿಗೆ ತರುವ ವಿಧಾನವನ್ನೂ ಬದಲಿಸಿದರು. ಕಾರಣ ಹೋಯಿತು, ಔಷಧಿ ಮಾರುವವರು ಮಾತ್ರ ಉಳಿದರು!

ಇದು ನನ್ನ ಹಳ್ಳಿ ಮೇಷ್ಟ್ರ ಬುದ್ಧಿಯ ಮಾತಲ್ಲ. ವಿಂಡೋಸ್ ಒಳಹೊರಗನ್ನು ಅರೆದು ಕುಡಿದಿರುವ ಮಾರ್ಕ್ ರಸಿನೋವಿಚ್ 2005ರಲ್ಲೇ ಇದರ ಬಗ್ಗೆ ಬರೆದಿದ್ದರು. ರಿಜಿಸ್ಟ್ರಿಯಲ್ಲಿ ಕಸ ಉಳಿಯುವುದು ನಿಜ, ಆದರೆ ಅದರಿಂದ ವೇಗಕ್ಕೆ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ ಎಂಬುದು ಅವರ ಮಾತಿನ ಸಾರ. ಮೈಕ್ರೋಸಾಫ್ಟ್ ಕಂಪನಿಯ ನಿಲುವೂ ಲಿಖಿತವಾಗಿಯೇ ಇದೆ: ರಿಜಿಸ್ಟ್ರಿ ಕ್ಲೀನರುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ, ಅದರಿಂದಾದ ತೊಂದರೆಗೆ ತಾನು ಹೊಣೆಯಲ್ಲ, ತೊಂದರೆ ಹೆಚ್ಚಾದರೆ ವಿಂಡೋಸನ್ನೇ ಮತ್ತೆ ಹಾಕಬೇಕಾದೀತು ಎಂದು. ಪುಸ್ತಕ ಬರೆದವನೇ 'ಇದರಲ್ಲಿ ಗೀಚಬೇಡಿ' ಎನ್ನುವಾಗ, ದಾರಿಯಲ್ಲಿ ಹೋಗುವವನ ಕೈಗೆ ರಬ್ಬರ್ ಕೊಡುವುದು ಯಾಕೆ?

ಹೆದರಿಸುವ ವ್ಯಾಪಾರ

ಇದೆಲ್ಲ ಗೊತ್ತಿದ್ದೂ ಯಾಕೆ ಮಾರುತ್ತಾರೆ? ಹೆದರಿಕೆಗೆ ಬೆಲೆ ಇದೆ, ಅದಕ್ಕೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ ಹಾಕಿದ ಕೇಸುಗಳನ್ನು ನೋಡಿದರೆ ಸಾಕು.

2008ರಲ್ಲಿ ವಿನ್‌ಫಿಕ್ಸರ್, ಡ್ರೈವ್‌ಕ್ಲೀನರ್, ಎರರ್‌ಸೇಫ್ ಎಂಬಂಥ ಹೆಸರುಗಳಲ್ಲಿ ತಂತ್ರಾಂಶ ಮಾರುತ್ತಿದ್ದ ಗುಂಪಿನ ಮೇಲೆ ಕೇಸು. ಸುಳ್ಳು ಸ್ಕ್ಯಾನ್ ತೋರಿಸಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಮೋಸ ಮಾಡಿದ್ದರೆಂದು ಆರೋಪ. 2012ರಲ್ಲಿ ಅದರಲ್ಲಿ ಒಬ್ಬರ ಮೇಲೆ 16.3 ಕೋಟಿ ಡಾಲರಿನ ತೀರ್ಪು ಬಂತು.

2019ರದ್ದು ಇನ್ನೂ ಮಜವಾಗಿದೆ. ಆಫೀಸ್ ಡಿಪೋ ಎಂಬ ದೊಡ್ಡ ಅಂಗಡಿ ಸರಣಿಯಲ್ಲಿ 'ಉಚಿತ ಪಿಸಿ ತಪಾಸಣೆ' ಮಾಡುತ್ತಿದ್ದರು. ಮೊದಲು ಗಿರಾಕಿಗೆ ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವೇ, ಆಗಾಗ ನಿಂತುಹೋಗುತ್ತದೆಯೇ, ಹೀಗೆ. ಒಂದಕ್ಕೆ 'ಹೌದು' ಎಂದು ಗುರುತು ಹಾಕಿದರೆ ಸಾಕು, ಸ್ಕ್ಯಾನಿನಲ್ಲಿ ವೈರಸ್ ಲಕ್ಷಣ ಇದೆ ಎಂದು ಬರುತ್ತಿತ್ತು! ಸ್ಕ್ಯಾನ್ ಏನು ಕಂಡಿತು ಎಂಬುದಕ್ಕೂ ಫಲಿತಾಂಶಕ್ಕೂ ಸಂಬಂಧ ಇರಲಿಲ್ಲ. ಆ ಅಂಗಡಿ 2.5 ಕೋಟಿ ಡಾಲರ್, ತಂತ್ರಾಂಶ ಕೊಟ್ಟ ಸಪೋರ್ಟ್ ಡಾಟ್ ಕಾಂ 1 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಮುಂದೆ 2024ರಲ್ಲಿ ರೆಸ್ಟೋರೋ, ರೀಇಮೇಜ್ ಎಂಬ ಕಂಪನಿಗಳು 2.6 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ವಿಂಡೋಸೇ ಎಚ್ಚರಿಸುತ್ತಿದೆಯೇನೋ ಎಂಬಂಥ ಕಿಟಕಿ ತೋರಿಸಿ ಜನರನ್ನು ಹೆದರಿಸಿದ ಆರೋಪ ಅವುಗಳ ಮೇಲಿತ್ತು.

"ಅವೆಲ್ಲ ಕಳ್ಳ ಕಂಪನಿಗಳು. ನಾವು ಬಳಸೋದು ಒಳ್ಳೇದು" ಎನ್ನುತ್ತೀರಾ? ಸರಿ. ಎಲ್ಲರೂ ಒಳ್ಳೆಯದೆಂದು ಹೊಗಳುವ ಸಿಕ್ಲೀನರನ್ನೇ ನೋಡೋಣ. ಅದನ್ನು ಮಾಡುತ್ತಿದ್ದ ಪಿರಿಫಾರ್ಮ್ ಕಂಪನಿಯನ್ನು 2017ರ ಜುಲೈನಲ್ಲಿ ಅವಾಸ್ಟ್ ಕೊಂಡುಕೊಂಡಿತು. ಕಳ್ಳರು ಆ ಕಂಪನಿಯೊಳಗೇ ನುಗ್ಗಿ, 5.33 ಆವೃತ್ತಿಯಲ್ಲಿ ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು. ಆ ವರ್ಷ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಕಂಪನಿಯ ಅಧಿಕೃತ ತಾಣದಿಂದಲೇ, ಕಂಪನಿಯ ಸಹಿಯ ಜೊತೆಯೇ ಅದು ಹಂಚಿಕೆಯಾಯಿತು. ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಹೋಯಿತು. ಕಳ್ಳರ ನಿಜವಾದ ಗುರಿ ದೊಡ್ಡ ತಂತ್ರಜ್ಞಾನ ಕಂಪನಿಗಳಾಗಿದ್ದವು, ಹಾಗಾಗಿ ಸಾಮಾನ್ಯ ಬಳಕೆದಾರರು ಬಚಾವಾದರು. ಅದನ್ನು ಬರೆದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಇಡೀ ಕಂಪ್ಯೂಟರಿನ ಬೀಗದ ಕೈ ಬೇಡುವ ತಂತ್ರಾಂಶ ಎಷ್ಟೇ ಒಳ್ಳೆಯದಿರಲಿ, ಅದು ಇನ್ನೊಂದು ಬಾಗಿಲು. ಬೇಕಿಲ್ಲದ ಬಾಗಿಲನ್ನು ಗೋಡೆ ಒಡೆದು ಯಾಕೆ ಇಡಿಸಬೇಕು?

ಇನ್ನು ಇದೇ ಕ್ಲೀನರಿನ 'ಪ್ರೊ' ಆವೃತ್ತಿಯನ್ನು ಕ್ರ್ಯಾಕ್ ಮಾಡಿ ಪೆನ್‌ಡ್ರೈವಿನಲ್ಲಿ ಹಂಚುವವರ ಬಗ್ಗೆ ಏನು ಹೇಳಲಿ? ಅಧಿಕೃತ ಪ್ರತಿಯಲ್ಲೇ ಕಳ್ಳ ಹೊಕ್ಕಿದ್ದ ಎಂದ ಮೇಲೆ, ಕಳ್ಳನೇ ಕೊಟ್ಟ ಪ್ರತಿಯಲ್ಲಿ ಏನಿದೆ ಎಂದು ದೇವರೇ ಬಲ್ಲ.

"ನಾನು ಹತ್ತು ವರ್ಷದಿಂದ ಬಳಸ್ತಿದೀನಿ, ಏನೂ ಆಗಿಲ್ಲ"

ಈ ಮಾತು ಬಂದೇ ಬರುತ್ತದೆ. ಕಾಡಿನ ದಾರಿಯಲ್ಲಿ ಡೆಂಕಣಿಕೋಟೆಗೆ ರಾತ್ರಿ ಬೈಕಿನಲ್ಲಿ ಹತ್ತು ವರ್ಷ ಓಡಾಡಿ ಆನೆ ಎದುರಾಗದವರೂ ಇದ್ದಾರೆ. ಅದರಿಂದ ಆನೆ ಇಲ್ಲ ಎಂದಾಗುವುದಿಲ್ಲ. ನಿಮಗೆ ಏನೂ ಆಗಿಲ್ಲ, ಒಪ್ಪಿದೆ. ಆದರೆ ಲಾಭ ಏನಾಯಿತು, ಅದನ್ನು ಹೇಳಿ. ಲಾಭ ಸೊನ್ನೆ, ನಷ್ಟ ಯಾವಾಗಲೋ ಒಮ್ಮೆ ಆದರೂ ಪೂರ್ತಿ. ಇಂಥ ಆಟ ಯಾರು ಆಡುತ್ತಾರೆ?

"ಬ್ಯಾಕಪ್ ತಗೊಂಡು ಮಾಡಿದ್ರೆ ಏನೂ ತೊಂದರೆ ಇಲ್ಲ" ಎಂಬುದು ಎರಡನೇ ಮಾತು. ಅರ್ಧ ನಿಜ. ಕ್ಲೀನರ್ ಕೊಡುವ ಬ್ಯಾಕಪ್ ಫೈಲನ್ನು ವಾಪಸ್ ಸೇರಿಸಬೇಕಾದರೆ ಮೊದಲು ವಿಂಡೋಸ್ ತೆರೆದುಕೊಳ್ಳಬೇಕು. ಅದೇ ಏಳದಿದ್ದರೆ? ಔಷಧಿ ಮನೆಯೊಳಗೆ, ಬೀಗದ ಕೈ ಬಾವಿಯೊಳಗೆ! ಇನ್ನೂ ಒಂದಿದೆ. ಇವತ್ತು ಅಳಿಸಿದ್ದರ ಪೆಟ್ಟು ಇವತ್ತೇ ಕಾಣುವುದಿಲ್ಲ. ಮೂರು ತಿಂಗಳ ನಂತರ ಪ್ರಿಂಟರ್ ಜೋಡಿಸಿದಾಗಲೋ, ಹಳೆಯ ತಂತ್ರಾಂಶ ತೆರೆದಾಗಲೋ ಕಾಣುತ್ತದೆ. ಅಷ್ಟರಲ್ಲಿ ಬ್ಯಾಕಪ್ ಎಲ್ಲಿದೆ ಎಂದು ಯಾರಿಗೆ ನೆನಪು? ನಮ್ಮ ಅಂಗಡಿ ಹುಡುಗನಿಗೆ ಕ್ಲೀನರ್ 'ಬ್ಯಾಕಪ್ ಬೇಕೇ' ಎಂದು ಕೇಳಿತಂತೆ. 'ಬೇಡ' ಒತ್ತಿದ್ದನಂತೆ, ಬಸ್ಸಿಗೆ ಹೊತ್ತಾಗಿತ್ತಲ್ಲ.

"ವಿಂಡೋಸ್ ತಾನೇ ಒಂದು ಪ್ರತಿ ಇಟ್ಟುಕೊಂಡಿರುತ್ತೆ ಬಿಡಿ" ಎಂಬುದು ಮೂರನೆಯದು. ಹಿಂದೆ ಇಟ್ಟುಕೊಳ್ಳುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದ ಆ ಪ್ರತಿ ಇಡುವುದನ್ನು ನಿಲ್ಲಿಸಿದ್ದಾರೆ. ಫೋಲ್ಡರ್ ಇರುತ್ತದೆ, ಅದರೊಳಗಿನ ಫೈಲುಗಳ ಗಾತ್ರ ಸೊನ್ನೆ. ಸಿಸ್ಟಂ ರಿಸ್ಟೋರ್ ಕೂಡ ಎಷ್ಟೋ ಕಂಪ್ಯೂಟರುಗಳಲ್ಲಿ ಮೊದಲಿನಿಂದಲೇ ಆಫ್ ಆಗಿರುತ್ತದೆ. ನಿಮ್ಮದರಲ್ಲಿ ಆನ್ ಇದೆಯೇ, ಇವತ್ತೇ ನೋಡಿ.

ಹಾಗಾದರೆ ನಿಧಾನ ಯಾಕೆ?

ನಿಧಾನ ಆಗಿರುವುದು ನಿಜ, ಸ್ವಾಮಿ. ಆದರೆ ಕಾರಣ ಬೇರೆ. ನಮ್ಮ ಶಾಲೆಗಳಲ್ಲಿ ನಾನು ಕಂಡಂತೆ ಹೇಳುತ್ತೇನೆ.

ತಿರುಗುವ ಹಳೇ ಹಾರ್ಡ್‌ಡಿಸ್ಕ್ ಮೊದಲ ಕಾರಣ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಎಷ್ಟು ವರ್ಷ ಗುಡಿಸಿದರೂ ಬಾರದ ವೇಗ ಒಂದು ಸಂಜೆಯಲ್ಲಿ ಬರುತ್ತದೆ. ಎರಡನೆಯದು ಮೆಮೊರಿ. 2 ಜಿಬಿಯಲ್ಲಿ ಇವತ್ತಿನ ಬ್ರೌಸರ್ ತೆರೆದರೆ ಎತ್ತಿನಗಾಡಿಗೆ ಲಾರಿ ಲೋಡ್ ಹಾಕಿದಂತೆ. ಮೂರನೆಯದು, ಕಂಪ್ಯೂಟರ್ ಏಳುವಾಗಲೇ ಜೊತೆಗೆ ಏಳುವ ಹತ್ತು ತಂತ್ರಾಂಶಗಳು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಅಳಿಸುವುದು ಬೇಡ, ಸುಮ್ಮನೆ ಮಲಗಿಸಿ. ನಾಲ್ಕನೆಯದು, ಒಂದರ ಮೇಲೊಂದು ಎರಡು ಆಂಟಿವೈರಸ್. ಒಂದು ಮನೆಗೆ ಎರಡು ಕಾವಲು ನಾಯಿ ಕಟ್ಟಿದರೆ ಒಂದನ್ನೊಂದು ನೋಡಿ ಬೊಗಳುತ್ತವೆ. ಐದನೆಯದು, ಸಿ ಡ್ರೈವ್ ಗಂಟಲವರೆಗೆ ತುಂಬಿರುವುದು. ಅದಕ್ಕೆ ವಿಂಡೋಸಿನದೇ ಡಿಸ್ಕ್ ಕ್ಲೀನಪ್, ಸ್ಟೋರೇಜ್ ಸೆನ್ಸ್ ಇವೆ. ಅವು ತಾತ್ಕಾಲಿಕ ಫೈಲುಗಳನ್ನು ತೆಗೆಯುತ್ತವೆ, ರಿಜಿಸ್ಟ್ರಿ ಮುಟ್ಟುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರಿಗೆ ಮಾತ್ರ ಟಿಕ್ ಹಾಕುವ ಮುಂಚೆ ಎರಡು ಸಲ ನೋಡಿ.

ಆರನೆಯದು ಧೂಳು! ನಿಜವಾದ ಪೊರಕೆ ಬೇಕಾದದ್ದು ಇಲ್ಲಿ. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಯಂತ್ರ ಬಿಸಿಯಾಗುತ್ತದೆ, ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ರಿಜಿಸ್ಟ್ರಿಗೆ ನಿಜವಾದ ಶತ್ರು ಯಾರು ಗೊತ್ತೇ? ಕರೆಂಟು. ಮಳೆಗಾಲದಲ್ಲಿ ಕಾಡಿನ ಮಧ್ಯೆ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ನಮ್ಮ ಕಂಪ್ಯೂಟರ್ ಫಟ್ಟನೆ ಆರುತ್ತದೆ. ಆ ಕ್ಷಣದಲ್ಲಿ ವಿಂಡೋಸ್ ಆ ದಾಖಲಾತಿ ಪುಸ್ತಕದಲ್ಲಿ ಬರೆಯುತ್ತಿದ್ದರೆ ಪುಟವೇ ಕೆಡಬಹುದು. ಕ್ಲೀನರಿಗೆ ಕೊಡುವ ದುಡ್ಡಿನಲ್ಲಿ ಯುಪಿಎಸ್‌ನ ಸತ್ತ ಬ್ಯಾಟರಿ ಬದಲಿಸಿ, ಪುಣ್ಯ ಬರುತ್ತದೆ.

ಇನ್ನು ಸುರಕ್ಷತೆ ಎನ್ನುವವರು ಒಂದು ವಿಷಯ ಗಮನಿಸಿ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಕಾಲ ಮುಗಿದ ವಿಂಡೋಸಿನಲ್ಲಿ ಕೂತು ರಿಜಿಸ್ಟ್ರಿ ಗುಡಿಸುವುದು ಸೂರು ಹಾರಿಹೋದ ಮನೆಯಲ್ಲಿ ರಂಗೋಲಿ ಹಾಕಿದಂತೆ.

ಇಷ್ಟು ಹೇಳಿದರೂ ಮಾಡುತ್ತೇನೆ ಎನ್ನುವವರಿಗೆ

ಕೆಲವೊಮ್ಮೆ ಮಾಡಲೇಬೇಕಾಗಬಹುದು. ಅರ್ಧ ತೆಗೆದ ತಂತ್ರಾಂಶ ಮತ್ತೆ ಹಾಕಲು ಬಿಡದೆ ಸತಾಯಿಸುತ್ತದೆ, ಎಂಥದೋ ಸಂದೇಶ ದಿನಾ ಬರುತ್ತದೆ. ಆಗಲೂ ಮೊದಲು ಆ ತಂತ್ರಾಂಶ ಮಾಡಿದವರದೇ ಅನ್‌ಇನ್‌ಸ್ಟಾಲ್ ಸಾಧನ ಇದೆಯೇ ನೋಡಿ. ಇಲ್ಲದಿದ್ದರೆ, ಕೆಳಗಿನದನ್ನು ಒಂದೂ ಬಿಡದೆ ಪಾಲಿಸಿ:

1. ಮೊದಲು ನಿಮ್ಮ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.
2. ಸಿಸ್ಟಂ ರಿಸ್ಟೋರ್ ಆನ್ ಮಾಡಿ, ಒಂದು ರಿಸ್ಟೋರ್ ಪಾಯಿಂಟ್ ಮಾಡಿ. ವಿಂಡೋಸ್ ಏಳದಿದ್ದರೆ ಬೇಕಾಗುವ ರಿಕವರಿ ಯುಎಸ್‌ಬಿ ಮೊದಲೇ ಕೈಯಲ್ಲಿರಲಿ.
3. ಯಾವಾಗಲೂ ಬಳಸುವ ಹೊರಗಿನ ಡಿಸ್ಕ್, ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಜೋಡಿಸಿದ ಮೇಲೆಯೇ ಸ್ಕ್ಯಾನ್ ಮಾಡಿ. ನಮ್ಮ ಶಾಲೆಯ ಕಥೆ ನೆನಪಿರಲಿ.
4. 'ಎಲ್ಲ ಸರಿಪಡಿಸು' ಎಂಬ ದೊಡ್ಡ ಹಸಿರು ಗುಂಡಿಯನ್ನು ಮುಟ್ಟಬೇಡಿ. ಪಟ್ಟಿ ಓದಿ. ನಿಮ್ಮ ತೊಂದರೆಗೆ ಸಂಬಂಧಿಸಿದ ಆ ಒಂದು ತಂತ್ರಾಂಶದ ಹೆಸರಿರುವ ಸಾಲಿಗೆ ಮಾತ್ರ ಟಿಕ್ ಇರಲಿ.
5. ಫಾಂಟ್, ಹಂಚಿಕೆಯ ಡಿಎಲ್‌ಎಲ್, ಆಕ್ಟಿವ್‌ಎಕ್ಸ್, ಸರ್ವಿಸ್ ಎಂಬ ವಿಭಾಗಗಳ ಟಿಕ್ ತೆಗೆದುಬಿಡಿ. ಏನೆಂದು ಅರ್ಥವಾಗದ ಸಾಲು ಎಂದರೆ ಮುಟ್ಟಬಾರದ ಸಾಲು.
6. ಬ್ಯಾಕಪ್ ಬೇಕೇ ಎಂದು ಕೇಳಿದರೆ 'ಬೇಕು' ಒತ್ತಿ. ತಾರೀಕು ಹಾಕಿ ಹೆಸರಿಟ್ಟು, ಬೇರೆ ಡಿಸ್ಕಿನಲ್ಲಿ ಆರು ತಿಂಗಳಾದರೂ ಇಡಿ.
7. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ. ಒಂದು ಹಳೇ ನುಡಿ ಫೈಲ್, ಒಂದು ಪ್ರಿಂಟ್, ಕನ್ನಡ ಟೈಪಿಂಗ್, ಇಂಟರ್ನೆಟ್ ನಾಲ್ಕನ್ನೂ ಪರೀಕ್ಷಿಸಿ. ಆಮೇಲೆ ರಿಪೇರಿಯವರನ್ನು ಬಸ್ಸಿಗೆ ಹತ್ತಿಸಿ!
8. ಪರೀಕ್ಷೆ ಹತ್ತಿರ ಇರುವಾಗ ಖಂಡಿತ ಬೇಡ.

ನಮ್ಮದೂ ತಪ್ಪಿದೆ

ಕ್ಲೀನರನ್ನು ಮಾತ್ರ ಬೈದರೆ ಅದು ಪೂರ್ತಿ ನ್ಯಾಯವಲ್ಲ. ಫಾಂಟ್ ಮಾಯವಾದರೆ ಕನ್ನಡವೇ ಮಾಯವಾಗುವಂಥ ಫೈಲುಗಳನ್ನು ನಾನು ಯಾಕೆ ಇಟ್ಟುಕೊಂಡಿದ್ದೆ? ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ದೃಷ್ಟಿಯಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ. ವೇಷದ ಪೆಟ್ಟಿಗೆ ಕಳೆದರೆ ನಾಟಕ ಮುಗಿಯಿತು. ಯೂನಿಕೋಡಿನಲ್ಲಿ ಹಾಗಲ್ಲ. 'ಕ' ಅಂದರೆ ಯಾವ ಫಾಂಟಿನಲ್ಲೂ 'ಕ'ನೇ. ಒಂದು ಫಾಂಟ್ ಹೋದರೆ ವಿಂಡೋಸ್ ಜೊತೆಗೇ ಬರುವ ತುಂಗಾ, ನಿರ್ಮಲಾದಂಥ ಇನ್ನೊಂದು ಎತ್ತಿಕೊಳ್ಳುತ್ತದೆ. ನಮ್ಮ ತಮಿಳು ಮೇಷ್ಟ್ರುಗಳ ವಾನವಿಲ್ ಫೈಲುಗಳದ್ದೂ ಇದೇ ಪಾಡು. ತಮಿಳುನಾಡು ಸರ್ಕಾರ 2010ರಲ್ಲೇ ಯೂನಿಕೋಡನ್ನು ಒಪ್ಪಿ ಆದೇಶ ಮಾಡಿದೆ. ಆದೇಶ ಬೇಗ ಬರುತ್ತದೆ, ಅಭ್ಯಾಸ ನಿಧಾನವಾಗಿ ಹೋಗುತ್ತದೆ. ಹಳೆಯ ನುಡಿ, ಬರಹ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಅಲ್ಲಲ್ಲಿ ತಪ್ಪುತ್ತವೆ, ಒಂದು ಸಲ ಓದಿ ತಿದ್ದಿದರೆ ಆಯಿತು. ದಿನಕ್ಕೆ ಐದು ಫೈಲ್ ಮಾಡಿದರೂ ಒಂದು ಬೇಸಿಗೆ ರಜದಲ್ಲಿ ಮುಗಿಯುತ್ತದೆ.

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಬಂಧುಗಳನ್ನು ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಕೇರಳದವರು ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೇ ಶಾಲೆಗಳಿಗೆ ಮುಕ್ತ ತಂತ್ರಾಂಶ ತಂದರು. 2017ರಲ್ಲಿ ಅದೇ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಮಕ್ಕಳು ಲಿನಕ್ಸಿನಲ್ಲಿ ಕಲಿಯುತ್ತಾರೆ, ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಅಲ್ಲಿ ವಿಂಡೋಸಿನಂಥ ಒಂದೇ ದೊಡ್ಡ ರಿಜಿಸ್ಟ್ರಿ ಇಲ್ಲ, ಗುಡಿಸುವವರೂ ಇಲ್ಲ. ನಮ್ಮಲ್ಲೂ ಅವಕಾಶ ಬಂದಿತ್ತು. 2011ರಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಹಾಕಿ ಕೊಟ್ಟಿದ್ದರು. ನಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಮೊದಲು ಮಾಡಿದ ಕೆಲಸ ಅದನ್ನು ಕಿತ್ತುಹಾಕಿಸಿದ್ದು. ಕಲಿಸಬೇಕಾದ ನಾವು ಕಲಿಸಿರಲಿಲ್ಲ. ಮಕ್ಕಳನ್ನು ಹೇಗೆ ಬೈಯ್ಯಲಿ?

ಇರಲಿ. ಅಳಿಸಿದ ಕಥೆಗಳ ವಿಷಯ. ಹಳೇ ಮಕ್ಕಳು ಸಿಕ್ಕಾಗಲೆಲ್ಲ ಕೇಳುತ್ತಿದ್ದೇನೆ. ಒಬ್ಬಳಿಗೆ ಎರಡು ಒಗಟು ನೆನಪಿತ್ತು, ಇನ್ನೊಬ್ಬನಿಗೆ ಒಂದು ಕಥೆ ಅರ್ಧ. ಈ ಸಲ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದೇನೆ, ಮೂರು ಕಡೆ ಇಟ್ಟಿದ್ದೇನೆ, ಒಂದು ಪ್ರತಿ ಕಾಗದದಲ್ಲಿ ಬೀರುವಿನೊಳಗಿದೆ. ಮಿಕ್ಕದ್ದು ಬರುವುದಿಲ್ಲ.

ನಿಮ್ಮ ಶಾಲೆಗೆ ಯಾರಾದರೂ ಬಂದು "ಸಾರ್, ಇದರಲ್ಲಿ ಸಾವಿರ ಕಸ ಇದೆ, ತೆಗೆದುಬಿಡಲಾ?" ಎಂದು ಕೇಳಿದರೆ ಒಂದೇ ಪ್ರಶ್ನೆ ಹಾಕಿ: "ಕಸ ಅಂತ ನಿನಗೆ ಹೇಳಿದವರು ಯಾರಪ್ಪಾ?" ಉತ್ತರ ಬರುವವರೆಗೆ ಮೌಸ್ ಅವನ ಕೈಗೆ ಕೊಡಬೇಡಿ.